ಮನೆಯ ಫೋಟೊಗಳು: ಫೋನಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಕಪಾಟಿಗೆ

ಫೋನಿನಲ್ಲಿ ತೆಗೆದ ಫೋಟೊ ಸ್ವಲ್ಪ ಹೊತ್ತಿನಲ್ಲಿ ಕಂಪ್ಯೂಟರಿನಲ್ಲೂ ಕಾಣಿಸಿಕೊಂಡರೆ ಅದಕ್ಕೆ ಎರಡು ಪ್ರತಿಗಳಾದವು, ಇನ್ನು ಚಿಂತೆಯಿಲ್ಲ ಎಂದು ನಮ್ಮ ಬಂಧುಬಳಗದಲ್ಲಿ ಹೆಚ್ಚಿನವರು ತಿಳಿದುಕೊಂಡಿದ್ದಾರೆ. ಆದರೆ ಸಿಂಕ್ ವ್ಯವಸ್ಥೆಯ ಕೆಲಸ ಎರಡೂ ಕಡೆಯ ಫೋಲ್ಡರುಗಳನ್ನು ಒಂದೇ ಸ್ಥಿತಿಯಲ್ಲಿಡುವುದು. ಒಂದು ಕಡೆ ಸೇರಿಸಿದ್ದು ಇನ್ನೊಂದು ಕಡೆ ಬರುವ ಹಾಗೆಯೇ, ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿದುಹೋಗುತ್ತದೆ. ಮಗು ಆಡುತ್ತ ಆಡುತ್ತ ಫೋನಿನ ಗ್ಯಾಲರಿಯಿಂದ ಒಂದು ಮದುವೆಯ ಫೋಟೊಗಳನ್ನೆಲ್ಲ ಅಳಿಸಿದರೆ, ಸಿಂಕ್ ಆ ಆದೇಶವನ್ನು ಕಂಪ್ಯೂಟರಿಗೂ ತಪ್ಪದೆ ತಲುಪಿಸುತ್ತದೆ. ಫೋಟೊಗಳು ಉಳಿಯಬೇಕು ಎನ್ನುವವರು ಸಿಂಕ್ ಮತ್ತು ಬ್ಯಾಕಪ್ (ಮೂಲ ಅಳಿದರೂ ಉಳಿಯುವಂತೆ ತೆಗೆದಿಟ್ಟ ಬೇರೆ ಪ್ರತಿ) ಎರಡನ್ನೂ ಬೇರೆ ಬೇರೆ ಕೆಲಸಗಳೆಂದು ಮೊದಲು ಒಪ್ಪಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಾಗಲಕೋಟೆಯವರಿಗೆ ಈ ಮಾತನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಏರಿದಾಗ ಹಳೆಯ ಊರಿನ ಎಷ್ಟೋ ಮನೆಗಳು ಮುಳುಗಡೆಯಾದವು, ಜನ ನವನಗರಕ್ಕೆ ಬಂದರು. ನಮ್ಮ ಮನೆ ಹೋದದ್ದೂ ಹಾಗೆಯೇ. ತೊಲೆ-ಕಂಬಗಳ ಪಡಸಾಲೆ, ಮಾಳಿಗೆಯ ಬೆಳಕಿಂಡಿಯಿಂದ ನೆಲದ ಮೇಲೆ ಬೀಳುತ್ತಿದ್ದ ಬಿಸಿಲಿನ ಚೌಕ, ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತ ಅಜ್ಜಿ, ಇವೆಲ್ಲ ಈಗ ಇರುವುದು ಕಾಕಾ ತೆಗೆದಿಟ್ಟ ಕೆಲವು ಫೋಟೊಗಳಲ್ಲಿ ಮಾತ್ರ. ಅವು ಹಾಳಾದರೆ ಮತ್ತೆ ತೆಗೆಯಲು ಆ ಮನೆಯೇ ಇಲ್ಲ. ಅವುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ ಮೇಲೆಯೇ ನಾನು ಈ ವಿಷಯವನ್ನು ಶಿಸ್ತಿನಿಂದ ಕಲಿಯಲು ಕುಳಿತದ್ದು.

ಫೋನಿನಿಂದ ಲ್ಯಾಪ್‌ಟಾಪಿಗೆ ಫೋಟೊ ತರಲು ನಾನು ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತೇನೆ. 2013ರಲ್ಲಿ ಮೊದಲು ಬಿಡುಗಡೆಯಾದ ಇದು ಫೋಟೊಗಳನ್ನು ಬೇರೆ ಯಾರ ಸರ್ವರಿನಲ್ಲೂ ಕೂಡಿಡುವುದಿಲ್ಲ. ಫೋನು ಮತ್ತು ಲ್ಯಾಪ್‌ಟಾಪ್ ಎರಡೂ ಮನೆಯ ವೈ-ಫೈಯಲ್ಲಿದ್ದರೆ ನೇರವಾಗಿ ಒಂದರಿಂದ ಇನ್ನೊಂದಕ್ಕೆ ಕಳಿಸುತ್ತದೆ, ಇಂಟರ್‌ನೆಟ್ ಡೇಟಾ ಖರ್ಚಾಗುವುದಿಲ್ಲ. ಇದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಈಗ ಆಂಡ್ರಾಯ್ಡ್ ಫೋನಿನವರು ಸಿಂಕ್‌ಥಿಂಗ್-ಫೋರ್ಕ್ ಎಂಬ ಆ್ಯಪನ್ನು ಹಾಕಿಕೊಳ್ಳಬೇಕು. ಯುಎಸ್‌ಬಿ ಕೇಬಲಿನಿಂದಲೂ ಇದೇ ಕೆಲಸ ಆಗುತ್ತದೆ, ಆದರೆ ಕೇಬಲ್ ಹಚ್ಚುವ ನೆನಪು ಪ್ರತಿ ವಾರ ಯಾರಿಗೆ ಇರುತ್ತದೆ?

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಎಲ್ಲರೂ ಗಮನಿಸಬೇಕು. ಸಿಂಕ್‌ಥಿಂಗ್‌ನಲ್ಲಿ ಫೋನಿನ ಕ್ಯಾಮೆರಾ ಫೋಲ್ಡರನ್ನು ‘ಸೆಂಡ್ ಓನ್ಲಿ’ (ಕಳಿಸಲು ಮಾತ್ರ) ಎಂದೂ ಲ್ಯಾಪ್‌ಟಾಪಿನ ಫೋಲ್ಡರನ್ನು ‘ರಿಸೀವ್ ಓನ್ಲಿ’ (ಪಡೆಯಲು ಮಾತ್ರ) ಎಂದೂ ಗೊತ್ತುಮಾಡಬಹುದು. ಹೀಗೆ ಮಾಡಿದರೆ ಲ್ಯಾಪ್‌ಟಾಪಿನಲ್ಲಿ ಆದ ಬದಲಾವಣೆ ಫೋನಿಗೆ ಹೋಗುವುದಿಲ್ಲ, ನಿಜ. ಆದರೆ ಫೋನಿನಲ್ಲಿ ಅಳಿಸಿದ ಫೋಟೊ ಲ್ಯಾಪ್‌ಟಾಪಿನಿಂದಲೂ ಅಳಿಯುವುದು ಇದರಿಂದ ನಿಲ್ಲುವುದಿಲ್ಲ, ಏಕೆಂದರೆ ಅಳಿಸುವಿಕೆಯೂ ಫೋನು ಕಳಿಸುವ ಒಂದು ಸುದ್ದಿಯೇ. ಅದಕ್ಕಾಗಿ ಲ್ಯಾಪ್‌ಟಾಪಿನಲ್ಲಿ ಎರಡು ಫೋಲ್ಡರುಗಳನ್ನು ಮಾಡಿದ್ದೇನೆ. ‘ಪಡಸಾಲೆ’ ಎಂಬುದಕ್ಕೆ ಫೋನಿನ ಫೋಟೊಗಳು ತಾವಾಗಿ ಬಂದು ಬೀಳುತ್ತವೆ. ‘ಕೋಣೆ’ ಎಂಬುದಕ್ಕೆ ಸಿಂಕ್‌ನ ಸಂಪರ್ಕವೇ ಇಲ್ಲ. ಭಾನುವಾರ ಬೆಳಿಗ್ಗೆ ಕುಳಿತು, ಪಡಸಾಲೆಯಿಂದ ಬೇಕಾದವನ್ನು ನಾನೇ ಅಲ್ಲಿಗೆ ಕಾಪಿ ಮಾಡುತ್ತೇನೆ. ಕಾಪಿ ಆದವನ್ನು ಆಮೇಲೆ ಫೋನಿನಿಂದ ಧೈರ್ಯವಾಗಿ ಅಳಿಸಬಹುದು. ಪಡಸಾಲೆ ಖಾಲಿಯಾಗುತ್ತದೆ, ಕೋಣೆಯಲ್ಲಿದ್ದದ್ದು ಹಾಗೇ ಇರುತ್ತದೆ. ಇದರ ಜೊತೆಗೆ ಲ್ಯಾಪ್‌ಟಾಪಿನ ಕಡೆ ಫೈಲ್ ವರ್ಷನಿಂಗ್ ಚಾಲೂ ಮಾಡಿಟ್ಟರೆ, ಅಕಸ್ಮಾತ್ ಅಳಿದದ್ದು ಕೆಲವು ದಿನ ಪಕ್ಕದ ಫೋಲ್ಡರಿನಲ್ಲಿ ಉಳಿದಿರುತ್ತದೆ.

ಗೂಗಲ್ ಫೋಟೋಸ್ ಇದ್ದಮೇಲೆ ಇಷ್ಟೆಲ್ಲ ಏಕೆ ಎಂದು ಅಳಿಯಂದಿರು ಕೇಳುತ್ತಾರೆ. ನಾನೂ ಅದನ್ನು ಬಳಸುತ್ತೇನೆ, ಮುಖ ನೋಡಿ ಫೋಟೊ ಹುಡುಕಿಕೊಡುವುದರಲ್ಲಿ ಅದು ಬಹಳ ಉಪಯೋಗಿ. ಆದರೆ 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತಿದೆ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಪುಕ್ಕಟೆ ಸಿಗುವುದು 15 ಜಿಬಿ. ನಮ್ಮ ಊರಿನ ಹೋಳಿಯಲ್ಲಿ ಹಲಗೆ ಬಾರಿಸುವುದನ್ನು, ಬಂಡಿಗಳಲ್ಲಿ ಬಣ್ಣ ತಂದು ಎರಚುವುದನ್ನು ಹುಡುಗರು 4ಕೆ ವಿಡಿಯೊ ಮಾಡಿಕೊಂಡು ಬರುತ್ತಾರೆ. ಐಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ಆಗುತ್ತದೆ, ಅಂದರೆ ಒಂದೂವರೆ ಗಂಟೆಯೊಳಗೆ 15 ಜಿಬಿ ತುಂಬಿತು. ಇನ್ನೊಂದು ಮಾತು: ಅಲ್ಲಿ ‘ಜಾಗ ಖಾಲಿ ಮಾಡಿ’ ಎಂಬುದನ್ನು ಒತ್ತಿದರೆ ಬ್ಯಾಕಪ್ ಆದವು ಫೋನಿನಿಂದ ಮಾತ್ರ ಹೋಗುತ್ತವೆ, ಮಾಮೂಲಿ ಡಿಲೀಟ್ ಒತ್ತಿದರೆ ಫೋನಿನಿಂದಲೂ ಖಾತೆಯಿಂದಲೂ ಹೋಗುತ್ತವೆ. ಬ್ಯಾಕಪ್ ಆಗಿದ್ದ ಫೋಟೊ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಈ ವ್ಯತ್ಯಾಸವನ್ನು ಮನೆಯವರಿಗೆಲ್ಲ ತಿಳಿಸಿ ಹೇಳಬೇಕು.

ಜಾಗಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ತಾರೀಖು. ಕ್ಯಾಮೆರಾ ಪ್ರತಿ ಫೋಟೊದ ಒಳಗೆ ತೆಗೆದ ದಿನ, ಸಮಯವನ್ನು ಬರೆದಿಡುತ್ತದೆ. ಅದಕ್ಕೆ ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಚಿಕ್ಕದಾಗುವುದಲ್ಲದೆ ಈ ಮಾಹಿತಿಯನ್ನೂ ಕಳೆದುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅಂಥ ಫೈಲಿನ ಹೆಸರಿನಲ್ಲಿ ಒಂದು ತಾರೀಖು ಇರುತ್ತದೆ, ಆದರೆ ಅದು ನಮ್ಮ ಫೋನಿಗೆ ಬಂದ ದಿನದ್ದು, ಫೋಟೊ ತೆಗೆದ ದಿನದ್ದಲ್ಲ. ಆದ್ದರಿಂದ ಲಗ್ನದ ಫೋಟೊ ಕಳಿಸುವವರಿಗೆ ‘ಡಾಕ್ಯುಮೆಂಟ್ ಅಂತ ಕಳಸ್ರೀ’ ಎಂದು ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹಾಗೆ ಕಳಿಸಿದರೆ ಮೂಲ ಫೈಲು ಇದ್ದಂತೆಯೇ ಬರುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಫೋಟೊಗಳ ಕಥೆ ಇನ್ನೂ ಕಠಿಣ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಪ್ರತಿಯನ್ನು 600 ಡಿಪಿಐಯಲ್ಲಿ (ಒಂದು ಇಂಚಿಗೆ 600 ಚುಕ್ಕಿಗಳು) ಸ್ಕ್ಯಾನ್ ಮಾಡಿದರೆ 2400 ಗುಣಿಸು 3600 ಪಿಕ್ಸೆಲ್, ಸುಮಾರು 8.6 ಮೆಗಾಪಿಕ್ಸೆಲ್ ಬರುತ್ತದೆ; ಮನೆಯ ಫೋಟೊಗೆ ಇದು ಧಾರಾಳವಾಯಿತು. ಆದರೆ ಹೊಸ ಫೈಲಿಗೆ ಗೊತ್ತಿರುವುದು ಸ್ಕ್ಯಾನ್ ಆದ ದಿನ ಮಾತ್ರ, ಹೀಗಾಗಿ ಅಜ್ಜಿಯ ಫೋಟೊ ಮೊನ್ನೆಯ ಹುಟ್ಟುಹಬ್ಬದ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಪ್ರತಿಯೊಂದರ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದ್ದೇನೆ, ಏಕೆಂದರೆ ಕಾಕಾ ಅಲ್ಲಿ ನೀಲಿ ಪೆನ್ನಿನಲ್ಲಿ ಹೆಸರುಗಳನ್ನು ಬರೆದಿದ್ದಾರೆ. ವರ್ಷ ಬರೆಯದ ಕಡೆ, ಚಿತ್ರದಲ್ಲಿರುವ ಮಕ್ಕಳ ವಯಸ್ಸು ನೋಡಿ ಅವ್ವ ಅಂದಾಜು ಹೇಳಿದಳು. ಆಮೇಲೆ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಆ ವರ್ಷವನ್ನು ಫೈಲಿನೊಳಗೇ ಬರೆದೆ. ತಿಂಗಳು ತಿಳಿಯದಿದ್ದರೆ ಜನವರಿ 1 ಎಂದು ಹಾಕಿ, ವಿವರಣೆಯಲ್ಲಿ ‘ಅಂದಾಜು’ ಎಂದು ಸೇರಿಸಿದೆ. ಈ ತಿದ್ದುಪಡಿಯನ್ನು ಗೂಗಲ್ ಫೋಟೋಸ್ ಒಳಗೆ ಮಾಡಿದರೆ ಸಾಲದು. ಅಲ್ಲಿ ಬದಲಾಯಿಸಿದ ತಾರೀಖು ಅಲ್ಲಿಯ ಪಟ್ಟಿಯಲ್ಲಷ್ಟೇ ಇರುತ್ತದೆ. ಗೂಗಲ್ ಟೇಕ್‌ಔಟ್ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ ಅದು ಫೋಟೊದ ಜೊತೆಗೆ ಬರುವ ಜೆಸಾನ್ ಎಂಬ ಬೇರೊಂದು ಪಠ್ಯ ಫೈಲಿನಲ್ಲಿ ಬರುತ್ತದೆ, ಅದೂ ಯುಟಿಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ, ಬೆಳಗಿನ ಜಾವ ಐದಕ್ಕೆ ಬನಶಂಕರಿ ಜಾತ್ರೆಯಲ್ಲಿ ತೆಗೆದ ಫೋಟೊ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ.

ಕೋಣೆ ಫೋಲ್ಡರಿನ ಒಳಗೆ ವಿಶೇಷವೇನೂ ಇಲ್ಲ. ವರ್ಷ, ತಿಂಗಳು, ಆಮೇಲೆ ಸಂದರ್ಭ, ‘2024-03 ಹೋಳಿ’ ಎಂಬಂತೆ. ಅಂಕಿಗಳು ಮೊದಲು ಬರುವುದರಿಂದ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಫೋಲ್ಡರುಗಳು ಕಾಲಾನುಕ್ರಮದಲ್ಲೇ ನಿಲ್ಲುತ್ತವೆ.

ಛಾಯಾಗ್ರಾಹಕ ಪೀಟರ್ ಕ್ರೋ ಅವರಿಂದ ಪ್ರಚಾರಕ್ಕೆ ಬಂದ 3-2-1 ಎಂಬ ನಿಯಮವನ್ನು ನಾನು ಪಾಲಿಸುತ್ತೇನೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಮೊದಲನೆಯದು ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ಸಂಗ್ರಹ), ಎರಡನೆಯದು ಕಪಾಟಿನಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ವಿಜಯಪುರದ ತಂಗಿಯ ಮನೆಯಲ್ಲಿರುವ ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ. ಹಬ್ಬಕ್ಕೆ ಆಕೆ ಬಂದಾಗ ಡಿಸ್ಕನ್ನೂ ತರುತ್ತಾಳೆ, ಹೊಸದನ್ನು ತುಂಬಿ ಕಳಿಸುತ್ತೇನೆ. ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ರೀತಿ) ಫಾರ್ಮ್ಯಾಟ್ ಮಾಡಿದ್ದೇನೆ. ಹಳೆಯ ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಒಂದೇ ವಿಡಿಯೊ ಹಿಡಿಸುವುದಿಲ್ಲ. ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ತಾಳೆಯಾಗುತ್ತವೆಯೇ ನೋಡಿ, ಅಲ್ಲೊಂದು ಇಲ್ಲೊಂದು ಫೋಟೊ ತೆರೆದು ಪರೀಕ್ಷಿಸುತ್ತೇನೆ.

ಹೊಸ ಫೋನು ಕೊಂಡಾಗ ಈ ತಾಳೆ ನೋಡುವ ಕೆಲಸವನ್ನು ಯಾರೂ ಬಿಡಬಾರದು. ಅಂಗಡಿಯಲ್ಲಿ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಅವಸರದಲ್ಲಿ ಅಲ್ಲೇ ನಿಂತು ಫೋನನ್ನು ರೀಸೆಟ್ ಮಾಡಿಸುತ್ತಾರೆ. ಅದಕ್ಕೆ ಮೊದಲು ಹಳೆಯ ಫೋನಿನ ಕ್ಯಾಮೆರಾ ಫೋಲ್ಡರಿನ ಜೊತೆಗೆ ವಾಟ್ಸ್‌ಆ್ಯಪ್ ಮತ್ತು ಸ್ಕ್ರೀನ್‌ಶಾಟ್ ಫೋಲ್ಡರುಗಳನ್ನೂ, ಮೆಮರಿ ಕಾರ್ಡ್ ಇದ್ದರೆ ಅದನ್ನೂ ಕಂಪ್ಯೂಟರಿಗೆ ಕಾಪಿ ಮಾಡಿ, ಎಣಿಕೆ ಸರಿಹೋಗುವ ತನಕ ಆ ಫೋನನ್ನು ಯಾರ ಕೈಗೂ ಕೊಡದೆ ಮನೆಯಲ್ಲೇ ಇಟ್ಟುಕೊಳ್ಳಬೇಕು.