ಈ ರಾಕೇಶ ನನಗೆ ಏನಾಗಬೇಕು?

ಗೆಳೆಯನೊಬ್ಬ ಬರೆದ ಚಿತ್ರಕಥೆಯನ್ನು ಒಂದು ಭಾನುವಾರ ಎಲ್ಲರೂ ಕೂತು ಗಟ್ಟಿಯಾಗಿ ಓದಿದೆವು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಮಾತು ಬಿಟ್ಟು ಉಳಿದದ್ದು, ಅಂದರೆ ಜಾಗ, ಹೊತ್ತು, ಯಾರು ಏನು ಮಾಡುತ್ತಿದ್ದಾರೆ ಅನ್ನುವ ಸಾಲುಗಳು, ನನ್ನ ಪಾಲಿಗೆ ಬಂದವು.

ಕಥೆ ಸರಳ. ಅಪ್ಪ ತೀರಿಕೊಂಡ ಮೇಲೆ ಮನೆ ಮಾರಲು ಮಕ್ಕಳು ಸೇರುತ್ತಾರೆ. ಮೂರನೇ ಪುಟ ಮುಗಿಯುವಷ್ಟರಲ್ಲಿ ಏಳು ಜನ ಬಂದಾಗಿತ್ತು. ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅಂತ ಲೆಕ್ಕ. ಮೂರು ನಿಮಿಷದಲ್ಲಿ ಏಳು ಹೊಸ ಮುಖಗಳು! ಸಾಲದ್ದಕ್ಕೆ ಗಂಡಸರ ಹೆಸರು ರಮೇಶ, ರಾಜೇಶ, ರಾಕೇಶ. ಸುಮಾ ಪಾತ್ರ ಓದುತ್ತಿದ್ದವಳು ಮಧ್ಯದಲ್ಲೇ ನಿಲ್ಲಿಸಿ ಕೇಳಿದಳು: "ಒಂದ್ನಿಮಿಷ, ಈ ರಾಕೇಶ ನನಗೆ ಏನಾಗಬೇಕು? ತಮ್ಮನಾ, ಗಂಡನಾ?"

"ಬರ್ದಿದೀನಲ್ಲ, ಎರಡನೇ ಪುಟ ನೋಡು" ಅಂದ ಗೆಳೆಯ.

ಬರೆದಿದ್ದು ನಿಜ. 'ಸುಮಾ (45), ರಮೇಶನ ತಂಗಿ, ರಾಕೇಶನ ಹೆಂಡತಿ, ಹತ್ತು ವರ್ಷದಿಂದ ಅಪ್ಪನ ಜೊತೆ ಮಾತು ಬಿಟ್ಟವಳು.' ನಾನೇ ಅದನ್ನು ಓದಿದ್ದೆ. ಆದರೆ ಕ್ಯಾಮೆರಾಕ್ಕೆ ಇದರಲ್ಲಿ ಸಿಗುವುದೇನು? ವಯಸ್ಸು ಮಾತ್ರ. ಉಳಿದದ್ದೆಲ್ಲ ಕಾಗದದಲ್ಲೇ ಉಳಿಯುತ್ತದೆ. ಸರಿ, ಮಾತಲ್ಲೇ ಹೇಳಿಸೋಣ ಅಂತ ಅವನು ಅಲ್ಲೇ ಒಂದು ಸಾಲು ಗೀಚಿದ: "ಏನೇ ಆದ್ರೂ ನೀನು ನನ್ನ ಒಡಹುಟ್ಟಿದ ತಂಗಿ, ಹತ್ತು ವರ್ಷ ಅಪ್ಪನ್ನ ಮಾತಾಡಿಸಲಿಲ್ಲ." ರಮೇಶನ ಪಾತ್ರದವನು ಅದನ್ನು ಓದಿ ಮುಗಿಸುವ ಮೊದಲೇ ಎಲ್ಲರೂ ನಕ್ಕರು. ತಂಗಿಗೇ ನೀನು ನನ್ನ ತಂಗಿ ಅಂತ ಯಾರು ಹೇಳುತ್ತಾರೆ?

ಅಲ್ಲಿಂದ ಓದು ನಿಂತು ಚರ್ಚೆ ಶುರುವಾಯಿತು. ಸಂಜೆಯವರೆಗೂ ನಡೆದದ್ದು ಅದೇ.

ಕೊನೆಗೆ ಸುಮಾಳ ಪ್ರವೇಶ ಹೀಗಾಯಿತು. ಅವಳು ಬೆಲ್ ಒತ್ತಿ ಕಾಯುತ್ತಾಳೆ. ರಮೇಶನ ಹೆಂಡತಿ ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದು ಬಾಗಿಲು ತೆಗೆಯುತ್ತಾಳೆ. ಒಳಗೆ ಕತ್ತಲು. ಸುಮಾ ನೋಡದೆಯೇ ಬಾಗಿಲ ಹಿಂದಿನ ಗೋಡೆಗೆ ಕೈ ಹಾಕುತ್ತಾಳೆ. ಸ್ವಿಚ್ ಅಲ್ಲಿಲ್ಲ. ಅತ್ತಿಗೆ ಇನ್ನೊಂದು ಗೋಡೆಯ ಸ್ವಿಚ್ ಒತ್ತುತ್ತಾಳೆ. ಇವಳು ಇಲ್ಲೇ ಬೆಳೆದವಳು, ಬಂದು ಬಹಳ ವರ್ಷವಾಗಿದೆ, ಈಗ ಮನೆ ಇನ್ನೊಬ್ಬಳ ಕೈಯಲ್ಲಿದೆ. ಮೂರೂ ಗೊತ್ತಾಯಿತು, ಒಂದು ಮಾತೂ ಇಲ್ಲ. ಆಮೇಲೆ ಅಣ್ಣ ಬಂದು "ಕೂತ್ಕೊಳ್ಳಿ" ಅನ್ನುತ್ತಾನೆ. ಸ್ವಂತ ತಂಗಿಗೆ ಬಹುವಚನ! ನಮ್ಮ ಭಾಷೆಯಲ್ಲಿ ಬರೆಯುವವರಿಗೆ ಇದೊಂದು ಅನುಕೂಲ, ಜಗಳ ಆಗಿದೆ ಅಂತ ಬೇರೆ ಹೇಳಬೇಕಿಲ್ಲ.

ರಾಜೇಶ ಅಲ್ಲೇ ಗಿರಿ ಆದ. ಚಿತ್ರಕಥೆಯಲ್ಲಿ ಪ್ರತಿ ಮಾತಿನ ಮೇಲೂ ಹೆಸರು ಇರುತ್ತದೆ, ನೋಡುವವರಿಗೆ ಆ ಭಾಗ್ಯ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವವರು ಪಾತ್ರ ಮೊದಲ ಸಲ ಬಂದಾಗ ಹೆಸರನ್ನು ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರೋಣ, ದಪ್ಪ ಅಕ್ಷರ ಸಾಕು ಅಂದುಕೊಂಡೆವು. ವಾಚ್‌ಮನ್‌ಗೂ ಹೆಸರು, ವಯಸ್ಸು, ಎರಡು ಸಾಲು ವರ್ಣನೆ ಇತ್ತು. ಅವನು ಮತ್ತೆ ಬರುವುದೇ ಇಲ್ಲ. ಹೀಗೆ ಬರೆದರೆ ಓದುವವರು ಕೊನೆಯವರೆಗೂ ಅವನಿಗೆ ಕಾಯುತ್ತಾರೆ. ಹೆಸರು ತೆಗೆದು ಸುಮ್ನೆ 'ವಾಚ್‌ಮನ್' ಅಂತ ಉಳಿಸಿದೆವು.

ಒಪ್ಪದೆ ಉಳಿದದ್ದು ಒಂದೇ. ಮೂಲೆಯಲ್ಲಿ ಕೂತು ಅಳುವ ಹೆಂಗಸು ಯಾರು ಅನ್ನುವುದನ್ನು ಇಂಟರ್ವಲ್‌ವರೆಗೆ ಮುಚ್ಚಿಡಬೇಕು ಅಂತ ಗೆಳೆಯನ ಹಟ. ಮುಚ್ಚಿಡು, ಆದರೆ ತೆರೆಯ ಮೇಲೆ ಯಾರಾದರೂ "ಅವರ್ಯಾರು?" ಅಂತ ಕೇಳಲಿ, ಇಲ್ಲದಿದ್ದರೆ ತಮಗೇ ಏನೋ ತಪ್ಪಿಹೋಯಿತು ಅಂತ ಜನ ಅಂದುಕೊಳ್ಳುತ್ತಾರೆ ಅಂದೆ. ಅವನು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಕಳಿಸಿದ ಕರಡಿನಲ್ಲಿ ಆ ಪ್ರಶ್ನೆ ಇರಲಿಲ್ಲ. ಸುಮಾ ಆ ಹೆಂಗಸನ್ನು ನೋಡಿ ಅಣ್ಣನ ಕಡೆ ತಿರುಗುತ್ತಾಳೆ, ಅವನು ಎದ್ದು ಒಳಗೆ ಹೋಗುತ್ತಾನೆ ಅಂತ ಬರೆದಿದ್ದ. ನನ್ನ ಸಲಹೆಗಿಂತ ಅದೇ ಚೆನ್ನಾಗಿತ್ತು ಅನ್ನಿ.