ಸಂಬಳ ಬರುತ್ತಿದ್ದರೂ ಮಕ್ಕಳನ್ನು ಸರ್ಕಾರಿ ಶಾಲೆಗೇಕೆ ಸೇರಿಸಿದಿರಿ?

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನನ್ನ ಇಬ್ಬರು ಮಕ್ಕಳೂ ಒಂದನೇ ತರಗತಿಯಿಂದ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದರು. ಮಗಳು ಕಳೆದ ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ವಿಜ್ಞಾನ ವಿಭಾಗದಲ್ಲಿ ಮೊದಲ ವರ್ಷದ ಪಿಯುಸಿ ಓದುತ್ತಿದ್ದಾಳೆ. ಮಗ ಅದೇ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾನೆ. ಇದು ತಿಳಿದವರು ನನ್ನನ್ನು ಎರಡು ಬಗೆಯಲ್ಲಿ ಪ್ರಶ್ನಿಸುತ್ತಾರೆ. "ತಿಂಗಳಿಗೆ ಸಂಬಳ ಬರುತ್ತಿದ್ದರೂ ಅಲ್ಲಿಗೇಕೆ ಸೇರಿಸಿದಿರಿ ಮೇಡಂ?" ಎನ್ನುವುದು ಒಂದು. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಐದಾರು ವರ್ಷದ ಮಕ್ಕಳ ತಂದೆ ತಾಯಂದಿರು ಕೇಳುವ "ನಾವೂ ಸೇರಿಸಬಹುದಾ?" ಎನ್ನುವುದು ಇನ್ನೊಂದು. ಎರಡನೆಯ ಪ್ರಶ್ನೆಯ ಹಿಂದೆ ಒಂದು ಮಗುವಿನ ಹತ್ತು ವರ್ಷಗಳಿರುವುದರಿಂದ ಅದಕ್ಕೆ ನಿಂತ ನಿಲುವಿನಲ್ಲಿ ಹೌದು ಅಥವಾ ಬೇಡ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ, ನಾವು ಸೇರಿಸಿದ್ದು ಯಾವ ಆದರ್ಶಕ್ಕಾಗಿಯೂ ಅಲ್ಲ. ಶಾಲೆ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿತ್ತು, ಒಂದನೇ ತರಗತಿಗೆ ನಲಿ-ಕಲಿ ಕಲಿಸುತ್ತಿದ್ದ ಶಿಕ್ಷಕಿಯನ್ನು ನಾನು ಹೋಗಿ ನೋಡಿದ್ದೆ. ನಲಿ-ಕಲಿ ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಪದ್ಧತಿ. ಪಾಠಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ತನ್ನದೇ ವೇಗದಲ್ಲಿ ಹೋಗುವಂತೆ ಅದನ್ನು ರೂಪಿಸಲಾಗಿದೆ. ನಾನು ಹೋದ ದಿನ ಮಕ್ಕಳು ಚಿಕ್ಕ ಚಿಕ್ಕ ಗುಂಪುಗಳಲ್ಲಿ ನೆಲದ ಮೇಲೆ ಕುಳಿತಿದ್ದರು. ಶಿಕ್ಷಕಿಯೂ ಅವರ ನಡುವೆ ನೆಲದ ಮೇಲೆಯೇ ಕುಳಿತು, ಒಬ್ಬ ಹುಡುಗ ಒಂದು ಅಕ್ಷರವನ್ನು ಮೂರು ಬಾರಿ ತಪ್ಪಾಗಿ ಓದಿದರೂ ಸಿಡುಕದೆ ನಾಲ್ಕನೆಯ ಬಾರಿ ಕಾರ್ಡನ್ನು ಎತ್ತಿ ತೋರಿಸಿದರು. ಅದೇ ವಾರ ನಾವು ನೋಡಿದ ಖಾಸಗಿ ಶಾಲೆಯಲ್ಲಿ ಅದೇ ವಯಸ್ಸಿನ ಮಕ್ಕಳು ಅರ್ಥವಾಗದ ಇಂಗ್ಲಿಷ್ ಸಾಲುಗಳನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ನಮ್ಮ ನಿರ್ಧಾರ ಅಲ್ಲಿಗೆ ಮುಗಿಯಿತು.

ಸರ್ಕಾರಿ ಶಾಲೆಯ ಬಲ ಯಾವುದು ಎಂದು ಕೇಳಿದರೆ ನಾನು ಮೊದಲು ಹೇಳುವುದು ಶಿಕ್ಷಕರ ವಿಷಯವನ್ನೇ. ಇಲ್ಲಿ ಕಾಯಂ ಶಿಕ್ಷಕರಾಗಬೇಕಾದರೆ ನಿಗದಿತ ಶಿಕ್ಷಕ ತರಬೇತಿ ಪಡೆದು, ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಸ್ಪರ್ಧಾತ್ಮಕ ಪರೀಕ್ಷೆಯಲ್ಲೂ ಗೆಲ್ಲಬೇಕು. ತಾಲ್ಲೂಕು ಮಟ್ಟದ ಅನೇಕ ಖಾಸಗಿ ಶಾಲೆಗಳಲ್ಲಿ ಕಡಿಮೆ ಸಂಬಳಕ್ಕೆ ಸೇರಿ, ಒಂದೆರಡು ವರ್ಷಗಳಲ್ಲಿ ಬಿಟ್ಟುಹೋಗುವ ಯುವತಿಯರು ಪಾಠ ಮಾಡುತ್ತಿರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯರೇ ಹಾಗೆ ಹೋಗಿ ಬಂದಿದ್ದಾರೆ, ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ, ಆದರೆ ಅವರಿಗೆ ಕಲಿಸುವುದನ್ನು ಯಾರೂ ಕಲಿಸಿಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಈ ವ್ಯತ್ಯಾಸ ನನ್ನ ಕಣ್ಣಿಗೆ ಸ್ಪಷ್ಟವಾಗಿ ಬಿತ್ತು. ಆ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ನಮ್ಮ ಶಾಲೆಯ ಶಿಕ್ಷಕರು ಮಕ್ಕಳಿರುವ ಬೀದಿಗಳಿಗೇ ಬಂದರು. ದೇವಸ್ಥಾನದ ಜಗುಲಿ, ಹೊಂಗೆ ಮರದ ನೆರಳು, ಯಾರದೋ ಮನೆಯ ಪಡಸಾಲೆ, ಎಲ್ಲವೂ ವಠಾರ ಶಾಲೆಗಳಾದವು. ನಾಲ್ಕನೇ ತರಗತಿಯಲ್ಲಿದ್ದ ನನ್ನ ಮಗ ವಾರಕ್ಕೆ ಮೂರು ದಿನ ಜಗುಲಿಯ ಮೇಲೆ ಕುಳಿತು ಭಾಗಾಕಾರ ಕಲಿತ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಆ ಭಯಕ್ಕೆ ಕಾರಣವೂ ಇತ್ತು. ಆದರೆ ಮನೆಯಲ್ಲಿ ಮೊಬೈಲ್ ಇಲ್ಲದ ಮಗುವನ್ನು ಹುಡುಕಿಕೊಂಡು ಶಾಲೆಯೇ ಬಂದ ಆ ಎರಡು ತಿಂಗಳುಗಳನ್ನು ನಾನು ಮರೆಯಲಾರೆ.

ಬಿಸಿಯೂಟದ ಬಗ್ಗೆ ಹೇಳುವಾಗ ನಮ್ಮಂಥ ಮನೆಗಳವರು ಅದನ್ನು ಬಡವರಿಗಾಗಿ ಇರುವ ಯೋಜನೆ ಎಂದಷ್ಟೇ ತಿಳಿಯುತ್ತಾರೆ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಮೊದಲು ಈಶಾನ್ಯ ಜಿಲ್ಲೆಗಳಲ್ಲಿ 2002ರಲ್ಲಿ ಆರಂಭವಾಗಿ, ಮರುವರ್ಷ ಉಳಿದೆಡೆಗೂ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವುದು ಆಮೇಲೆ ಬಂದು, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿತು. ನನ್ನ ಮಕ್ಕಳಿಗೆ ಮನೆಯಿಂದ ಡಬ್ಬಿ ಕಳಿಸುವುದು ಕಷ್ಟವಿರಲಿಲ್ಲ. ಆದರೂ ಮೊದಲ ತಿಂಗಳಿನಿಂದಲೇ ಅವರು ಎಲ್ಲರ ಜೊತೆ ಸಾಲಿನಲ್ಲಿ ಕುಳಿತು ಅದೇ ಅನ್ನ ಸಾರು ಉಣ್ಣಬೇಕೆಂದು ನಾವು ಗಂಡ ಹೆಂಡತಿ ನಿಶ್ಚಯಿಸಿದೆವು. ದಲಿತ ಮಹಿಳೆ ಅಡುಗೆ ಮಾಡುತ್ತಾರೆಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಬಿಡದ ಪೋಷಕರ ಸುದ್ದಿಯನ್ನು ನಮ್ಮ ರಾಜ್ಯದಲ್ಲಿ ಇಂದಿಗೂ ಓದುತ್ತೇವೆ. ಅಂಥ ನಾಡಿನಲ್ಲಿ ಯಾರ ಪಕ್ಕ ಯಾರು ಕುಳಿತರೆಂಬುದನ್ನು ಗಮನಿಸದೆ ಏಳು ವರ್ಷ ಒಟ್ಟಿಗೆ ಉಂಡು ಬೆಳೆದ ಮಕ್ಕಳು ನನ್ನ ಮನೆಯಲ್ಲಿದ್ದಾರೆ ಎಂಬುದು ನನಗೆ ಅಂಕಪಟ್ಟಿಗಿಂತ ದೊಡ್ಡ ಸಂಗತಿ. ಒಂದು ಸೋಮವಾರ ಮಗ ಬಂದು, ತನ್ನ ಗೆಳೆಯ ಆ ದಿನ ಮೂರು ಬಾರಿ ಅನ್ನ ಹಾಕಿಸಿಕೊಂಡನೆಂದೂ ಭಾನುವಾರ ಶಾಲೆ ಇರುವುದಿಲ್ಲವಲ್ಲ ಎಂದೂ ಹೇಳಿದ. ಆಗ ಅವನಿಗೆ ಎಂಟು ವರ್ಷ. ಅರ್ಥಶಾಸ್ತ್ರದ ತರಗತಿಯಲ್ಲಿ ಬಡತನ ರೇಖೆಯನ್ನು ವಿವರಿಸುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಇನ್ನು ಕೊರತೆಗಳ ವಿಷಯ. ಇದನ್ನು ಮುಚ್ಚಿಟ್ಟರೆ ನನ್ನ ಉತ್ತರಕ್ಕೆ ಬೆಲೆ ಇರುವುದಿಲ್ಲ.

ಮಗ ಆರನೇ ತರಗತಿಗೆ ಬಂದ 2022ರ ಜೂನ್‌ನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತಿದ್ದ ಶಿಕ್ಷಕರು ವರ್ಗಾವಣೆಯಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅದು ಕಲಿಕಾ ಚೇತರಿಕೆಯ ವರ್ಷ. ಕೋವಿಡ್ ಕಾಲದಲ್ಲಿ ಮಕ್ಕಳು ಕಳೆದುಕೊಂಡದ್ದನ್ನು ತುಂಬಿಕೊಡಬೇಕೆಂದು ಇಲಾಖೆಯೇ ಘೋಷಿಸಿದ್ದ ವರ್ಷ. ಆರರಿಂದ ಎಂಟನೇ ತರಗತಿಗಳಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಆ ಮೇ ತಿಂಗಳಲ್ಲೇ ಪರೀಕ್ಷೆ ನಡೆದಿತ್ತು, ಆದರೆ ವ್ಯಾಜ್ಯ ಹೈಕೋರ್ಟಿಗೆ ಹೋಗಿ ಆಯ್ಕೆಯಾದವರಿಗೆ ನೇಮಕಾತಿ ಆದೇಶ ಸಿಗುವ ಹೊತ್ತಿಗೆ 2023 ಬಂದಿತ್ತು. ನಮ್ಮ ಶಾಲೆಗೆ ಅತಿಥಿ ಶಿಕ್ಷಕರೊಬ್ಬರು ಬರುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಮುಗಿದಿತ್ತು. ಜನವರಿಯಲ್ಲಿ ಬೇರೆ ಕೆಲಸ ಸಿಕ್ಕಿ ಅವರೂ ಹೋದರು. ಆ ವರ್ಷ ಮಗನಿಗೆ ಭಿನ್ನರಾಶಿ, ದಶಮಾಂಶ, ಅನುಪಾತ ಎಲ್ಲವನ್ನೂ ನಾನೇ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟೆ. ಅವನ ಗಣಿತ ಉಳಿಯಿತು. ಅವನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನ ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಿಂದ ರಾತ್ರಿ ಎಂಟಕ್ಕೆ ಮನೆ ಸೇರುತ್ತಾರೆ. ಆ ಹುಡುಗ ಈಗ ಪ್ರೌಢಶಾಲೆಯಲ್ಲಿ ಬೀಜಗಣಿತ ಬಂದಾಗಲೆಲ್ಲ ತಲೆ ತಗ್ಗಿಸುತ್ತಾನೆ. ಬುದ್ಧಿಯಲ್ಲಿ ಅವನು ನನ್ನ ಮಗನಿಗೆ ಕಡಿಮೆಯವನಲ್ಲ, ಚದುರಂಗದಲ್ಲಿ ಪ್ರತಿ ಸಲ ಸೋಲಿಸುವವನು ಅವನೇ. ಹುದ್ದೆಗಳ ಖಾಲಿ ಪ್ರಮಾಣ ಶೇ 10 ಮೀರಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಾಯ್ದೆಯಲ್ಲಿರುವ ಆ ಮಾತು ತರಗತಿಗೆ ತಲುಪದಿದ್ದಾಗ ಬೆಲೆ ತೆರುವವರು ಯಾರೆಂಬುದನ್ನು ನಾನು ಒಂದೇ ಬೆಂಚಿನ ಮೇಲೆ ನೋಡಿದ್ದೇನೆ. ಆದ್ದರಿಂದ "ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದಿಯೂ ಚೆನ್ನಾಗಿದ್ದಾರಲ್ಲ" ಎಂದು ಯಾರಾದರೂ ಹೊಗಳಿದಾಗ ನಾನು ತಪ್ಪದೆ ಈ ವರ್ಷದ ಕಥೆ ಹೇಳುತ್ತೇನೆ.

ಇರುವ ಶಿಕ್ಷಕರೂ ಎಲ್ಲ ದಿನ ತರಗತಿಯಲ್ಲಿ ಇರುವುದಿಲ್ಲ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂಬುದು ಅದೇ ಕಾಯ್ದೆಯ 27ನೇ ಕಲಂ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆ ಮನೆ ಸುತ್ತಬೇಕಾಗಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಅದಕ್ಕಾಗಿ ಕಳೆದುಹೋದ ಪಾಠದ ದಿನಗಳು ಮಾತ್ರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ದಿನಗಳೇ ಆಗಿದ್ದವು.

ಶೌಚಾಲಯದ ವಿಷಯ ಬರೆಯಲು ಸಂಕೋಚವಾಗುತ್ತದೆ, ಆದರೆ ಹೆಣ್ಣುಮಕ್ಕಳ ತಾಯಂದಿರು ಮೊದಲು ಕೇಳಬೇಕಾದದ್ದು ಇದನ್ನೇ. ಮಗಳು ಐದನೇ ತರಗತಿಯಲ್ಲಿದ್ದಾಗ ಬೆಳಿಗ್ಗೆ ಒಯ್ದ ನೀರಿನ ಬಾಟಲಿ ಸಂಜೆ ಹಾಗೆಯೇ ತುಂಬಿ ಬರುತ್ತಿತ್ತು. ಕೇಳಿದರೆ ಮೊದಲು ಹೇಳಲಿಲ್ಲ. ನಂತರ, ಅಲ್ಲಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದಿಲ್ಲ ಎಂದಳು. ಶೌಚಾಲಯ ಕಟ್ಟಿದ್ದರು, ತೊಳೆಯುವವರನ್ನು ಕೊಟ್ಟಿರಲಿಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಇಂದಿಗೂ ಇದೇ ಸಾಮಾನ್ಯ ಸ್ಥಿತಿ. ಆ ವರ್ಷ ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಸದಸ್ಯಳಾದೆ. 2001ರಲ್ಲೇ ಕರ್ನಾಟಕ ಇದನ್ನು ರಚಿಸಿತ್ತು. ಇಂಥ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮೊದಲ ಸಭೆಯಲ್ಲಿ ಉಳಿದ ತಾಯಂದಿರು ಬಾಯಿ ತೆರೆಯಲಿಲ್ಲ. ಮೂರನೆಯ ಸಭೆಯ ಹೊತ್ತಿಗೆ ಅವರ ಹೆಣ್ಣುಮಕ್ಕಳೂ ನೀರು ಕುಡಿಯುವುದಿಲ್ಲವೆಂದು ಒಬ್ಬೊಬ್ಬರಾಗಿ ಹೇಳಿದರು. ದಾನಿಗಳಿಂದ ಸ್ವಲ್ಪ ಹಣ, ನಾವು ಪೋಷಕರು ತಿಂಗಳಿಗೆ ಹಾಕಿಕೊಂಡ ಇಷ್ಟಿಷ್ಟು, ಹೀಗೆ ಸೇರಿಸಿ ದಿನವೂ ತೊಳೆಯಲು ಒಬ್ಬರನ್ನು ನೇಮಿಸಿಕೊಂಡೆವು. ಸರ್ಕಾರ ಮಾಡಬೇಕಾದದ್ದನ್ನು ಕೂಲಿ ಮಾಡುವ ತಾಯಂದಿರ ಕೈಯಿಂದ ಮಾಡಿಸಿದ್ದು ಸರಿಯಲ್ಲ ಎಂದು ನನಗೆ ಅಂದೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತ್ತು. ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಗೇ ಹೋಗುವಂತೆ ಮಾಡಬೇಕೆಂದು ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಉತ್ತರ ಪ್ರದೇಶ ಸರ್ಕಾರಕ್ಕೆ ಆದೇಶಿಸಿತ್ತು. ಒತ್ತಾಯದಿಂದ ಇದಾಗುತ್ತದೆಂದು ನಾನು ನಂಬುವುದಿಲ್ಲ. ಆದರೆ ಅದರ ಹಿಂದಿನ ವಿಚಾರ ಸರಿಯಾದದ್ದು: ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಕೇಳಬಲ್ಲವರು ಯಾವ ಶಾಲೆಯಲ್ಲಿ ಇಲ್ಲವೋ ಆ ಶಾಲೆಯ ಖಾಲಿ ಹುದ್ದೆ ಖಾಲಿಯಾಗಿಯೇ ಇರುತ್ತದೆ. ಸರ್ಕಾರಿ ಶಾಲೆಯ ಎಲ್ಲ ಕೊರತೆಗಳಿಗಿಂತ ದೊಡ್ಡ ಕೊರತೆ ಎಂದರೆ ನಮ್ಮಂಥವರು ಅಲ್ಲಿಂದ ಎದ್ದುಹೋದದ್ದು.

ಭಾಷೆಯ ಪ್ರಶ್ನೆಯನ್ನು ಬಿಡುವಂತಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟ ಮೇಲೆ, ಕನ್ನಡ ಮಾಧ್ಯಮ ಉಳಿದಿರುವುದು ಬಹುಪಾಲು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ. ನನ್ನ ಮಗಳು ಹತ್ತನೇ ತರಗತಿಯವರೆಗೂ ಕನ್ನಡದಲ್ಲೇ ವಿಜ್ಞಾನ ಓದಿದಳು. ಪಿಯುಸಿಯ ಮೊದಲ ಮೂರು ತಿಂಗಳು ಅವಳಿಗೆ ನಿಜಕ್ಕೂ ಕಷ್ಟವಾಯಿತು. ವೇಗೋತ್ಕರ್ಷ, ಸಂವೇಗ, ದ್ಯುತಿಸಂಶ್ಲೇಷಣೆ ಎಂದು ಕಲಿತದ್ದೆಲ್ಲ ಒಂದೇ ವಾರದಲ್ಲಿ ಬೇರೆ ಹೆಸರಿನಲ್ಲಿ ಎದುರಾದಾಗ ಎರಡು ರಾತ್ರಿ ಅತ್ತಳು. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎರಡೂ ಭಾಷೆಯ ಪದಗಳನ್ನು ಎದುರುಬದುರು ಬರೆದಿಟ್ಟುಕೊಂಡು ದೀಪಾವಳಿಯ ಹೊತ್ತಿಗೆ ದಾರಿಗೆ ಬಂದಳು. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 5 ಸೀಟುಗಳಿವೆ, ಅದು ನಿಜ, ಆದರೆ ಆ ಮೂರು ತಿಂಗಳ ನೋವನ್ನು ನಾನು ಇಲ್ಲವೆನ್ನಲಾರೆ. 2019ರಿಂದ ಅನೇಕ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾಗಿವೆ. ಕನ್ನಡದಲ್ಲಿ ತರಬೇತಾದ ಅದೇ ಶಿಕ್ಷಕರಿಗೆ ಕೆಲವು ದಿನಗಳ ತರಬೇತಿ ಕೊಟ್ಟು ಇಂಗ್ಲಿಷಿನಲ್ಲಿ ಕಲಿಸಿ ಎನ್ನುವುದು ಮಕ್ಕಳಿಗೂ ಶಿಕ್ಷಕರಿಗೂ ಮಾಡುವ ಅನ್ಯಾಯ ಎಂದು ನನ್ನ ಖಚಿತ ಅಭಿಪ್ರಾಯ. ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಒಬ್ಬ ಶಿಕ್ಷಕರು ಪ್ರತಿ ಶಾಲೆಗೂ ಸಿಕ್ಕಿದ್ದರೆ ಪೋಷಕರ ಆತಂಕದ ಬಹುಭಾಗ ಕರಗುತ್ತಿತ್ತು.

ಈಗ ಎರಡನೆಯ ಪ್ರಶ್ನೆಗೆ. ನಾನು ಪೋಷಕರಿಗೆ ಹೇಳುವುದಿಷ್ಟೆ: ಪಾಠ ನಡೆಯುವ ಒಂದು ಸಾಮಾನ್ಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ ಶಾಲೆಗೆ ಹೋಗಿ. ಎಷ್ಟು ತರಗತಿ, ಎಷ್ಟು ಕಾಯಂ ಶಿಕ್ಷಕರು, ಅತಿಥಿ ಶಿಕ್ಷಕರೆಷ್ಟು, ಅವರಲ್ಲಿ ಆ ದಿನ ಎಷ್ಟು ಮಂದಿ ತರಗತಿಯಲ್ಲಿದ್ದಾರೆ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಹೆಣ್ಣುಮಕ್ಕಳ ಶೌಚಾಲಯ ನೋಡಿ. ಐದನೇ ತರಗತಿಯ ಒಂದು ಮಗುವಿಗೆ ಮೂರನೇ ತರಗತಿಯ ಕನ್ನಡ ಪುಸ್ತಕ ಕೊಟ್ಟು ಓದಲು ಹೇಳಿ. ಊಟದ ಹೊತ್ತಿಗೆ ಅಲ್ಲೇ ಇರಿ.

ಕಳೆದ ಮೇ ತಿಂಗಳಲ್ಲಿ ಕಾಲೇಜಿನ ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯ ಬಗ್ಗೆ ಕೇಳಿದಾಗ, ಶಾಲೆ ತೆರೆದ ಮೇಲೆ ಹೋಗಿ ನೋಡೋಣವೆಂದು ಜೂನ್‌ನಲ್ಲಿ ಇಬ್ಬರೂ ಹೋದೆವು. ಐದು ತರಗತಿಗಳಿಗೆ ಹನ್ನೊಂದು ಮಕ್ಕಳು, ಒಬ್ಬರೇ ಶಿಕ್ಷಕರು. ಅವರು ಬಿಸಿಯೂಟದ ಲೆಕ್ಕ ಬರೆಯುತ್ತಲೇ ನಾಲ್ಕನೇ ತರಗತಿಯ ಮಕ್ಕಳಿಗೆ ಉಕ್ತಲೇಖನ ಹೇಳುತ್ತಿದ್ದರು, ಒಂದನೇ ತರಗತಿಯ ಇಬ್ಬರು ಮಕ್ಕಳು ಬಾಗಿಲ ಬಳಿ ಸುಮ್ಮನೆ ಕುಳಿತಿದ್ದರು. "ಮೇಡಂ, ಏನು ಮಾಡಲಿ?" ಎಂದು ಬರುವ ದಾರಿಯಲ್ಲಿ ಸಹೋದ್ಯೋಗಿ ಕೇಳಿದರು. ಇಲ್ಲಿಗೆ ಸೇರಿಸಬೇಡಿ ಎಂದೆ. ಅವರು ಮಗಳನ್ನು ತಾಲ್ಲೂಕು ಕೇಂದ್ರದ ನಮ್ಮ ಶಾಲೆಗೇ ಸೇರಿಸಿ ದಿನವೂ ತಮ್ಮ ಜೊತೆ ಬಸ್ಸಿನಲ್ಲಿ ಕರೆತರುತ್ತಾರೆ. ಎಷ್ಟೇ ಕಡಿಮೆ ಮಕ್ಕಳಿದ್ದರೂ ಶಾಲೆಯಲ್ಲಿ ಇಬ್ಬರು ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಎರಡನೆಯ ಶಿಕ್ಷಕರನ್ನು ಕೊಡಿ ಎಂದು ಆ ಹಳ್ಳಿಯ ಎಸ್‌ಡಿಎಂಸಿಯ ಹೆಸರಿನಲ್ಲಿ ಅರ್ಜಿಯೊಂದನ್ನು ನಾವಿಬ್ಬರೂ ಸೇರಿ ಬರೆದುಕೊಟ್ಟಿದ್ದೇವೆ. ಜುಲೈನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಕಚೇರಿಗೆ ಹೋಗಿ ವಿಚಾರಿಸಿದೆವು. ಮುಂದಿನ ವಾರ ಮತ್ತೆ ಹೋಗುತ್ತಿದ್ದೇವೆ.