ಸೊನ್ನೆ ಬಂತೆಂದು ನಾನು ಬಿಟ್ಟ ಮರದ ವಯಸ್ಸು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಅಡಿಕೆ ತೋಟಗಳ ಸಮೀಕ್ಷೆ ನಡೆದಿತ್ತು. ಅದರ ಅಂಕಿಅಂಶ ನೋಡುವುದು ನನ್ನ ಕೆಲಸ. ಮರಕ್ಕೆ ಹಾಕಿದ ಗೊಬ್ಬರಕ್ಕೂ ಸಿಕ್ಕಿದ ಫಸಲಿಗೂ ಏನು ಸಂಬಂಧ ಅಂತ ಲೆಕ್ಕ ಹಾಕಿದೆ. ಉತ್ತರ ಮೈನಸ್ ಬಂತು. ಗೊಬ್ಬರ ಜಾಸ್ತಿ ಬಿದ್ದ ತೋಟದಲ್ಲೇ ಅಡಿಕೆ ಕಡಿಮೆ! ಕರಡು ವರದಿಯಲ್ಲಿ ಹಾಗೆಯೇ ಬರೆದುಬಿಟ್ಟೆ.

ಹಿರಿಯ ಕೃಷಿಕರೊಬ್ಬರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಹಳೇ ತೋಟ ಸೋತಿತು ಅಂತ ಕಂಡಾಗಲೇ ಅಲ್ವಾ ಮಗಾ, ನಾವು ಹಟ್ಟಿಗೊಬ್ಬರ, ಸೊಪ್ಪು ಜಾಸ್ತಿ ಹಾಕುವುದು?" ಅಂದರು.

ಮರದ ವಯಸ್ಸು ನನ್ನ ಹಾಳೆಯಲ್ಲಿ ಇತ್ತು. ಲೆಕ್ಕದಿಂದ ಬಿಟ್ಟದ್ದು ನಾನೇ. ವಯಸ್ಸು ಮತ್ತು ಫಸಲಿನ ಪಿಯರ್ಸನ್ ಕೋರಿಲೇಶನ್ (ಎರಡು ಅಂಕಿಗಳ ನಂಟನ್ನು ಮೈನಸ್ 1ರಿಂದ 1ರ ಒಳಗೆ ಹೇಳುವ ಅಳತೆ) ಸೊನ್ನೆಯ ಹತ್ತಿರ ಇತ್ತು, ಹಾಗಾಗಿ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ. ಅವತ್ತು ರಾತ್ರಿ ಎರಡನ್ನೂ ಗ್ರಾಫಿನಲ್ಲಿ ಹಾಕಿ ನೋಡಿದೆ. ಚುಕ್ಕಿಗಳು ಗುಡ್ಡದ ಹಾಗೆ ನಿಂತಿದ್ದವು. ಅಡಿಕೆ ಮರ ನೆಟ್ಟ ಕೆಲವು ವರ್ಷಕ್ಕೆ ಫಸಲು ಶುರು ಮಾಡುತ್ತದೆ, ಏರುತ್ತದೆ, ಬಹುಕಾಲ ಒಂದೇ ಹದದಲ್ಲಿ ಕೊಡುತ್ತದೆ, ಮುದಿಯಾದಾಗ ಇಳಿಯುತ್ತದೆ. ಪಿಯರ್ಸನ್ ಅಳೆಯುವುದು ನೇರ ಗೆರೆಯ ಸಂಬಂಧವನ್ನು ಮಾತ್ರ. ಏರಿದ್ದೂ ಇಳಿದದ್ದೂ ವಜಾ ಆಗಿ ಸೊನ್ನೆ ಉಳಿದಿತ್ತು. ಅಂಕಿಗಳ ಬದಲು ಅವುಗಳ ಸ್ಥಾನವನ್ನು ನೋಡುವ ಸ್ಪಿಯರ್‌ಮನ್ ಕ್ರಮಾಂಕದ ಲೆಕ್ಕ ಹಾಕಿದ್ದರೂ ಇದು ಸಿಗುತ್ತಿರಲಿಲ್ಲ. ಅದು ಹಿಡಿಯುವುದೂ ಒಂದೇ ದಿಕ್ಕಿಗೆ ಹೋಗುವ ಸಂಬಂಧವನ್ನೇ.

ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೋಂಬ್ 1973ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ತಲಾ 11 ಚುಕ್ಕಿಗಳ ನಾಲ್ಕು ಕಟ್ಟು. ನಾಲ್ಕರಲ್ಲೂ ಕೋರಿಲೇಶನ್ ಸುಮಾರು 0.816. ಚಿತ್ರ ಬರೆದರೆ ಒಂದು ನೇರ ಗೆರೆ, ಒಂದು ಬಿಲ್ಲು, ಉಳಿದ ಎರಡರಲ್ಲಿ ಒಂಟಿ ಚುಕ್ಕಿಯೊಂದು ಇಡೀ ಲೆಕ್ಕವನ್ನು ಎಳೆದಿರುತ್ತದೆ. ಓದುವಾಗ ಪರೀಕ್ಷೆಗೆ ಕಲಿತಿದ್ದೆ. ಕೆಲಸದಲ್ಲಿ ನೆನಪಾಗಲಿಲ್ಲ, ಅದೇ ಬೇಸರ.

ಮತ್ತೆ ಮೊದಲಿಂದ ಕೂತೆ. ಹಲವು ಅಂಶಗಳನ್ನು ಒಟ್ಟಿಗೆ ಇಟ್ಟು ಫಸಲನ್ನು ಅಂದಾಜು ಮಾಡುವ ರಿಗ್ರೆಷನ್ ಲೆಕ್ಕಕ್ಕೆ ಗೊಬ್ಬರದ ಜೊತೆ ವಯಸ್ಸನ್ನೂ ವಯಸ್ಸಿನ ವರ್ಗವನ್ನೂ (ವಯಸ್ಸನ್ನು ಅದರಿಂದಲೇ ಗುಣಿಸಿದ್ದು) ಸೇರಿಸಿದೆ. ವರ್ಗ ಸೇರಿಸಿದರೆ ಗೆರೆ ಬಾಗಲು ಜಾಗ ಸಿಗುತ್ತದೆ. ಎಳೆಯ, ತುಂಬು, ಮುದಿ ಅಂತ ತೋಟಗಳನ್ನು ಬೇರೆ ಮಾಡಿಯೂ ನೋಡಿದೆ. ಎಳೆಯ ಮತ್ತು ತುಂಬು ತೋಟಗಳಲ್ಲಿ ಆ ಮೈನಸ್ ಹೋಯಿತು. ಮುದಿ ತೋಟಗಳಲ್ಲಿ ಮಾತ್ರ ಸ್ವಲ್ಪ ಉಳಿಯಿತು. ಅಲ್ಲಿ ಗೊಬ್ಬರದಿಂದ ಫಸಲು ಇಳಿಯಿತೋ, ಫಸಲು ಇಳಿಯಿತೆಂದು ಗೊಬ್ಬರ ಹಾಕಿದರೋ? ಒಂದೇ ವರ್ಷದ ಸಮೀಕ್ಷೆಯಿಂದ ಅದು ತಿಳಿಯುವುದಿಲ್ಲ. ಅದಕ್ಕೆ ಚೀಟಿ ಎತ್ತಿ ಯಾವ ಮರಕ್ಕೆ ಎಷ್ಟು ಗೊಬ್ಬರ ಅಂತ ಹಂಚುವ ಪ್ರಯೋಗವೇ ಬೇಕು. ವರದಿಯಲ್ಲಿ ಅಷ್ಟನ್ನೇ ಬರೆದೆ.

ಈ ಸಲದ ಪ್ರಶ್ನಾವಳಿಯಲ್ಲಿ ಗೊಬ್ಬರ ಎಷ್ಟು ಅನ್ನುವುದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಕಳೆದ ವರ್ಷಕ್ಕಿಂತ ಜಾಸ್ತಿ ಹಾಕಿದ್ದರೆ, ಯಾಕೆ?